ತಟ್ಟೆಗಳು ನಿಂತೇ ಹೋಗಲಿ

ಬ್ಯಾಂಕಿನಲ್ಲಿ ನನಗೆ ಮೈಸೂರಿಗೆ ವರ್ಗವಾಯಿತು. ಸಾಮಾನು ಕಳಿಸುವ ದಿನ, ಉತ್ತರದ ಈ ಊರಿನ ಲಂಕಾ ಬಡಾವಣೆಯ ಬಾಡಿಗೆ ಮನೆಯಲ್ಲಿ ಅಮ್ಮನ ನೀಲಿ ಅಂಚಿನ ಪಿಂಗಾಣಿ ತಟ್ಟೆಗಳನ್ನು ನಾನೇ ಪ್ಯಾಕ್ ಮಾಡಲು ಕುಳಿತೆ. ಒಂದೊಂದನ್ನೂ ಹಿಂದಿ ಪೇಪರಿನಲ್ಲಿ ಸುತ್ತಿ, ಪುಸ್ತಕಗಳಂತೆ ಸಾಲಾಗಿ ನಿಲ್ಲಿಸಿದೆ. ಅಪ್ಪನ ಪ್ರತಿ ವರ್ಗಾವಣೆಯಲ್ಲೂ ಅಮ್ಮ ಹೀಗೇ ನಿಲ್ಲಿಸುತ್ತಿದ್ದಳು, ಒಂದೂ ಒಡೆಯಲಿಲ್ಲ ಎಂಬುದು ನನ್ನ ನೆನಪು.

ಗೋದೌಲಿಯಾ ಪೇಟೆಯಿಂದ ಬಂದಿದ್ದ ಪ್ಯಾಕಿಂಗಿನವನು ಮಲಗಿಸಿ ಇಡಿ ಎಂದ. "ಅರೇ ದೀದಿ, ಖಡೀ ಪ್ಲೇಟ್ ಶೋಕೇಸ್ ಮೇಂ ಅಚ್ಛೀ ಲಗತೀ ಹೈ, ಟ್ರಕ್ ಮೇಂ ನಹೀಂ!" ನಿಂತ ತಟ್ಟೆ ಶೋಕೇಸಿನಲ್ಲಿ ಚೆಂದ, ಟ್ರಕ್ಕಿನಲ್ಲಲ್ಲ ಎಂಬುದು ಅವನ ವಾದ.

ಸ್ಪೀಕರ್ ಫೋನಿನಲ್ಲಿದ್ದ ಅಣ್ಣ ನಕ್ಕ. "ಎಂಟಿದ್ವು ಕಣೇ ಅವು. ಎರಡು ಹೋದ್ವಲ್ಲ, ಹಿಂಗೇ ನಿಲ್ಸಿ ನಿಲ್ಸಿ!"

ನನಗೆ ಆರೇ ನೆನಪು. ಒಡೆದದ್ದನ್ನು ನಾನು ಮರೆತೆನೇ, ಅವನು ಎರಡು ಸೇರಿಸಿಕೊಂಡನೇ? ಗೊತ್ತಿಲ್ಲ. ಆದರೆ ನಿಲ್ಲಿಸಿದರೆ ಒಂದರ ಭಾರ ಇನ್ನೊಂದರ ಮೇಲೆ ಬೀಳುವುದಿಲ್ಲ. ಅದಕ್ಕೆ ನೆನಪಿನ ಸಾಕ್ಷಿ ಬೇಕಿಲ್ಲ.

ಸಂದುಗಳಿಗೆ ಹಳೆಯ ಸೀರೆ ತುರುಕಿ, ಡಬ್ಬ ಮುಚ್ಚಿ, ಮೊಣಕಾಲೆತ್ತರಕ್ಕೆ ಎತ್ತಿ ಕೈಬಿಟ್ಟೆ.

"ಏನೇ ಅದು ಸದ್ದು?" ಎಂದ ಅಣ್ಣ. ಪ್ಯಾಕಿಂಗಿನವನು ಕಣ್ಣು ಮುಚ್ಚಿಕೊಂಡಿದ್ದ. ಡಬ್ಬ ತೆರೆದು, ತಟ್ಟೆಗಳನ್ನು ಬಿಚ್ಚಿ ಬೆರಳಿನಿಂದ ತಟ್ಟಿದೆ. ಆರೂ ಖಣ್ ಎಂದವು.

"ಆಪ್ ಕೀ ಮರ್ಜೀ," ನಿಮ್ಮಿಷ್ಟ, ಎಂದು ಅವನು ಟೇಪು ಚಾಚಿದ.

ಮತ್ತೆ ಸುತ್ತಿ, ನಿಲ್ಲಿಸಿ, ಮುಚ್ಚಿದೆ. ಡಬ್ಬದ ಮೇಲೆ ಹಿಂದಿಯಲ್ಲೂ ಕನ್ನಡದಲ್ಲೂ ದೊಡ್ಡದಾಗಿ "ಮಲಗಿಸಬೇಡಿ" ಎಂದು ಬರೆದೆ. ಡೈರಿಯಲ್ಲಿ ಇನ್ನೊಂದು ಸಾಲು: ಇಲ್ಲಿಂದ ಹೊರಟದ್ದು ಆರು.