ಕ್ವಾಮೆ ಸುರಿದ ನೀರು

ಆ ಭಾನುವಾರ ನಿಜವಾಗಿ ಏನು ನಡೆಯಿತೆಂದು ಆಣೆ ಇಟ್ಟು ಹೇಳಲಾರೆ. ಸತ್ತವರು ಬರುತ್ತಾರೆಂಬುದನ್ನು ನಾನು ನಂಬಿದವನಲ್ಲ. ಮೇಲಾಗಿ ಹೊಟ್ಟೆಕಿಚ್ಚಿನಲ್ಲಿ ನೆನಪಿಟ್ಟುಕೊಂಡದ್ದು ಎಷ್ಟು ನೆಟ್ಟಗಿರುತ್ತದೆಯೋ, ಓದುಗರೇ ಊಹಿಸಬೇಕು.

ಎಂಬತ್ತರ ದಶಕದ ನಡುವೆ ನಾನು ಹೊರದೇಶದಲ್ಲಿದ್ದಾಗಿನ ಮಾತು. ಮಿಲ್ಪಿಟಾಸಿನ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ ನನ್ನ ಜೊತೆ ಘಾನಾ ದೇಶದ ಕ್ವಾಮೆ ಎಂಬ ಎಂಜಿನಿಯರ್ ಇದ್ದ. ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯೇ ಅವನದು. ಭಾನುವಾರದ ಊಟಕ್ಕೆ ಮೊದಲು ಹಿತ್ತಲಿನ ಮಣ್ಣಿಗೆ ನೀರು ಸುರಿದು, ತೀರಿಹೋದ ಅಜ್ಜ, ತಾಯಿ, ಸೋದರಮಾವಂದಿರನ್ನು ಹೆಸರು ಹಿಡಿದು ಕರೆಯುತ್ತಿದ್ದ. ಅವನಿಗೆ ಅವರು ದೇವರಲ್ಲ, ಮನೆಯ ಹಿರಿಯರು ಅಷ್ಟೇ. ಕಾರು ಕೆಟ್ಟರೆ ಅಜ್ಜನನ್ನೇ ಬೈಯುತ್ತಿದ್ದ.

ನನಗದು ತಮಾಷೆಯಾಗಿತ್ತು, ಮೈಸೂರಿನಲ್ಲಿ ಅಪ್ಪ ತೀರಿಕೊಳ್ಳುವವರೆಗೆ. ವೀಸಾ ತಕರಾರಿನಿಂದ ನನಗೆ ಹೋಗಲಾಗಲಿಲ್ಲ. "ನಿದ್ದೆಯಲ್ಲೇ ಹೋದ್ರು ಕಣೋ" ಎಂದು ಅಣ್ಣ ಫೋನಿನಲ್ಲಿ ಹೇಳಿದ್ದಷ್ಟೇ ನನಗೆ ಗೊತ್ತು. ಆಮೇಲೆ ಅಪ್ಪ ನನ್ನ ಕನಸಿಗೂ ಬರಲಿಲ್ಲ. ಇವನ ಮನೆಯಲ್ಲೋ, ಇಡೀ ವಂಶವೇ ವಾರವಾರ ಊಟಕ್ಕೆ ಹಾಜರು.

ಆ ಭಾನುವಾರ ನನ್ನನ್ನೂ ಹೆಂಡತಿ ಸುಧಾಳನ್ನೂ ಊಟಕ್ಕೆ ಕರೆದಿದ್ದ. ನೀರು ಸುರಿಯುತ್ತಿದ್ದವನು ತಟ್ಟನೆ ನಿಂತು ನನ್ನ ಪಕ್ಕದಲ್ಲಿದ್ದ ಖಾಲಿ ಜಾಗವನ್ನು ನೋಡಿದ. ಒಳಗೆ ಹೋಗಿ ಲೋಟ ತುಂಬಿಸಿಕೊಂಡು ಬಂದು, ಅಲ್ಲಿ ಮತ್ತೆ ಸುರಿದ. ಯಾಕೆಂದು ಕೇಳಿದೆ.

"ಕರೆಯದೇ ಒಬ್ಬರು ಬಂದ್ರು, ನಿನ್ನ ಕಡೆಯವರು. ಬಾಯಾರಿತ್ತು ಅಂತ ಕಾಣುತ್ತೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಸ್ವಲ್ಪ ಮುಜುಗರದಿಂದ ಸೇರಿಸಿದ: "ಎಡಗೈ ಚಾಚಿದ್ರು. ನಮ್ಮಲ್ಲಿ ಅದು ಅವಮಾನ. ನಿಮ್ಮಲ್ಲಿ ಪರವಾಗಿಲ್ಲವೇನೋ ಅಂದುಕೊಂಡೆ."

ನಮ್ಮಲ್ಲೂ ಸರಿಯಲ್ಲ. ಎಡಗೈಯಲ್ಲಿ ಲೋಟ ಹಿಡಿದರೆ ಅಪ್ಪ ನಮ್ಮ ಕೈಮೇಲೆ ಬಾರಿಸುತ್ತಿದ್ದರು.

"ಹಾಗಾದರೆ ಅದು ನಮ್ಮಪ್ಪ ಅಲ್ಲ" ಎಂದೆ, ಗೆದ್ದವನಂತೆ.

"ಬಾಯಾರಿ ಬಂದವರ ಹತ್ತಿರ ಐಡಿ ಕಾರ್ಡ್ ಕೇಳಲಾ?" ಎಂದು ಕ್ವಾಮೆ ನಕ್ಕ.

ಮೆಟ್ಟಿಲು ಹತ್ತುವಾಗ ಸುಧಾ, "ಬಂದ್ರು ಅಂತಲೇ ಇಟ್ಕೊಳ್ಳಿ. ನಿಮ್ಮ ಹತ್ರ ಬಂದಿದ್ರೆ ನೀವು ನೀರು ಕೊಡ್ತಿದ್ರಾ? ಪ್ರೂಫ್ ಕೇಳ್ತಿದ್ರಿ" ಎಂದಳು.

ಬಂದವರು ಅಪ್ಪ ಅಲ್ಲವೆಂದು ವಾದಿಸಿದ ನನಗೇ, ಅಪ್ಪ ನನ್ನನ್ನು ಬಿಟ್ಟು ಅವನ ಬಳಿ ಹೋದರಲ್ಲ ಎಂಬ ಉರಿ ಹತ್ತಿಕೊಂಡಿತು. ಆಫೀಸಿನಲ್ಲಿ ಅವನೊಡನೆ ಊಟಕ್ಕೆ ಕೂರುವುದನ್ನು ಬಿಟ್ಟೆ. ಒಂದು ಸಂಜೆ ಯಾರೂ ಇಲ್ಲದಾಗ ಅದೇ ಹಿತ್ತಲಿಗೆ ಹೋಗಿ ಒಂದು ಲೋಟ ನೀರು ಸುರಿದೆ. ಮಣ್ಣು ಒದ್ದೆಯಾಯಿತು, ಅಷ್ಟೇ.

ಮರುವರ್ಷ ಮೈಸೂರಿಗೆ ಹೋದಾಗ, ಕಾರಣ ಹೇಳದೆ, ಅಪ್ಪನ ಕೊನೆಯ ದಿನಗಳ ಬಗ್ಗೆ ಅತ್ತಿಗೆಯನ್ನು ಕೇಳಿದೆ.

"ಬಲಗೈ ಎತ್ತೋಕೇ ಆಗ್ತಿರ್ಲಿಲ್ಲ. ನೀರು ಕುಡೀತಿದ್ದಿದ್ದೂ ಎಡಗೈಲೇ. ಅವನಿಗೆ ಹೇಳ್ಬೇಡಿ, ಅಲ್ಲಿ ಒದ್ದಾಡ್ತಾನೆ ಅಂತ ಮಾವನೋರೇ ಅಂದಿದ್ರು."

ಕ್ವಾಮೆ ಎಡಗೈ ಎಂದದ್ದು ನಿಜವೋ, ಇದನ್ನು ಕೇಳಿದ ಮೇಲೆ ನಾನೇ ಸೇರಿಸಿಕೊಂಡೆನೋ ಎಂಬ ಅನುಮಾನ ಈಗಲೂ ಕಾಡುತ್ತದೆ. ಅತ್ತಿಗೆಯ ಮಾತೊಂದೇ ಸಾಲದೆಂದು ಅಂದೇ ಸಂಜೆ ಅಪ್ಪನನ್ನು ನೋಡುತ್ತಿದ್ದ ಡಾಕ್ಟರನ್ನೂ ಹೋಗಿ ಕೇಳಿದೆ. ಹೌದು, ಲಕ್ವ ಹೊಡೆದಿದ್ದದ್ದು ಬಲಗೈಗೆ.