ಪರದೆಯ ಮೇಲೆ ಅಮ್ಮನ ಬಡಿತ

ತೊಂಬತ್ತರ ದಶಕದ ಕೊನೆಗೆ ಚಾಮರಾಜಪೇಟೆಯ ಮಹಡಿಮನೆಯೊಂದರಲ್ಲಿದ್ದ ಸಣ್ಣ ಕಂಪನಿಯಲ್ಲಿ ನಾನು ಪ್ರೋಗ್ರಾಂ ಬರೆಯುತ್ತಿದ್ದೆ. ರೋಗಿಯ ಹಾಸಿಗೆ ಪಕ್ಕ ಇಟ್ಟು ಎದೆಬಡಿತ ತೋರಿಸುವ ಯಂತ್ರ ನಮ್ಮದು. ಮೆಮೊರಿಯಲ್ಲಿ ಒಂದು ಬೈಟ್‌ನಷ್ಟು ಜಾಗ ಖಾಲಿ ಬಿಟ್ಟರೂ ನಮ್ಮ ಬಾಸ್‌ಗೆ ಹೊಟ್ಟೆ ಉರಿ. "ಜಾಗ ಏನು ಪುಕ್ಕಟೆ ಬರುತ್ತೇನಮ್ಮಾ? ಒತ್ತೊತ್ತಾಗಿ ತುಂಬು" ಅನ್ನುವರು, ಕಾಶಿಯಾತ್ರೆಗೆ ಟ್ರಂಕು ಕಟ್ಟುವವರ ಹಾಗೆ. ಹಳೆಯ ಚಿಪ್ ಹೇಗೋ ಸಹಿಸಿಕೊಂಡಿತ್ತು. ಈ ಯಂತ್ರಕ್ಕೆ ಹಾಕಿದ ಹೊಸ ಚಿಪ್‌ಗೆ ಪ್ರತಿ ಸಂಖ್ಯೆಯೂ ನಾಲ್ಕು ಬೈಟಿನ ಗೂಡೊಂದರ ಅಂಚಿನಿಂದಲೇ ಶುರುವಾಗಬೇಕು. ಒತ್ತೊತ್ತಾಗಿ ತುಂಬಿ ಒಂದು ಸಂಖ್ಯೆ ಎರಡು ಗೂಡಿಗೆ ಹಂಚಿಹೋಗಿದ್ದರೆ, ಪ್ರತಿ ಸಲವೂ ಕೆಲಸ ನಿಲ್ಲಿಸಿ, ಎರಡೂ ಕಡೆಯಿಂದ ತೆಗೆದು ಜೋಡಿಸಿಕೊಳ್ಳುತ್ತಿತ್ತು. ಆಫೀಸಿನ ಮೇಜಿನ ಮೇಲೆ ಸ್ವಲ್ಪ ಹೊತ್ತು ಓಡಿಸಿದಾಗ ಯಾರಿಗೂ ಏನೂ ತಿಳಿಯಲಿಲ್ಲ.

ಯಂತ್ರವನ್ನು ಪರೀಕ್ಷೆಗೆಂದು ಬಸವನಗುಡಿಯ ನರ್ಸಿಂಗ್ ಹೋಮೊಂದರಲ್ಲಿ ಇಟ್ಟರು. ಅದೇ ವಾರ ಅಲ್ಲಿ ನನ್ನ ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ನಮ್ಮ ಯಂತ್ರದ ವೈರನ್ನೇ ಅವಳ ಎದೆಗೆ ಅಂಟಿಸಿದರು. ಮಧ್ಯಾಹ್ನ ಅವಳ ಮಣಿಕಟ್ಟು ಹಿಡಿದು ಕೂತಿದ್ದೆ. ನಾಡಿ ಒಮ್ಮೆ ತಪ್ಪಿದ್ದು ಬೆರಳಿಗೆ ತಿಳಿಯಿತು, ಪರದೆಯ ಹಸಿರು ಗೆರೆ ಮಾತ್ರ ತಪ್ಪಲಿಲ್ಲ. ಎಷ್ಟೋ ಹೊತ್ತಾದ ಮೇಲೆ, ನಾಡಿ ನೆಟ್ಟಗಿದ್ದಾಗ, ಗೆರೆ ತಪ್ಪಿತು. ಅಯ್ಯೋ, ಈ ಹಾಳು ಯಂತ್ರ ತೋರಿಸುತ್ತಿರುವುದು ಈಗಿನ ಅಮ್ಮನನ್ನಲ್ಲ! ಹಂಚಿಹೋದ ಸಂಖ್ಯೆಗಳನ್ನು ಜೋಡಿಸಿ ಜೋಡಿಸಿ ಅದು ಹಿಂದೆ ಬಿದ್ದಿತ್ತು, ಬೆಳಗಿನಿಂದ ಬಾಕಿ ಬೆಳೆಯುತ್ತಲೇ ಬಂದಿತ್ತು.

ಅಷ್ಟರಲ್ಲಿ ನಾಡಿ ಓಡತೊಡಗಿತು, ಆಮೇಲೆ ದಾರದಷ್ಟು ಸಣ್ಣಗಾಯಿತು. ಅಮ್ಮನ ತುಟಿ ಬಿಳಿಚಿತ್ತು. ಕಿರುಚಿದೆ.

ಓಡಿ ಬಂದ ನರ್ಸ್ ಪರದೆ ನೋಡಿದಳು. "ಎಲ್ಲಾ ಸರಿಯಾಗೇ ಇದೆಯಲ್ಲ ಮೇಡಂ, ಸುಮ್ನೆ ಗಾಬರಿ ಮಾಡ್ಕೋಬೇಡಿ."

"ಸುಳ್ಳು ತೋರಿಸ್ತಿದೆ ಸಿಸ್ಟರ್! ಅದನ್ನ ಬರೆದವಳೇ ನಾನು. ನಿಮ್ಮ ದಮ್ಮಯ್ಯ, ಕೈ ಹಿಡಿದು ನೋಡಿ!"

ಅವಳು ಹಿಡಿದಳು. ಮುಖ ಬಣ್ಣಗೆಟ್ಟಿತು. "ಡಾಕ್ಟ್ರೇ!" ಎಂದು ಕೂಗುತ್ತಾ ಓಡಿದಳು. ಡಾಕ್ಟರು ಬಂದು ನೋಡಿ, ಒಳಗೆ ರಕ್ತ ಸೋರುತ್ತಿದೆ ಎಂದರು. ವೈರು ಕಿತ್ತು ಅಮ್ಮನನ್ನು ಥಿಯೇಟರಿಗೆ ತಳ್ಳಿಕೊಂಡು ಹೋದರು.

ಅಮ್ಮ ಉಳಿದಳು, ದೇವರು ದೊಡ್ಡವನು. ಆಮೇಲೆ ನಡುನಡುವೆ ಖಾಲಿ ಬೈಟುಗಳನ್ನು ಬಿಟ್ಟು ಎಲ್ಲ ತಿದ್ದಿದೆ, ಯಂತ್ರ ಬಡಿತದ ಜೊತೆಗೇ ಓಡಿತು.

ಆದರೆ ಆ ಮಧ್ಯಾಹ್ನ ನನಗೆ ಇದೊಂದೂ ಗೊತ್ತಿರಲಿಲ್ಲ. ಹಾಸಿಗೆ ಖಾಲಿಯಾಗಿತ್ತು, ವೈರು ನೆಲದ ಮೇಲೆ ಬಿದ್ದಿತ್ತು. ಪರದೆಯ ಮೇಲೆ ಅಮ್ಮನ ಎದೆ ಇನ್ನೂ ನೆಮ್ಮದಿಯಾಗಿ ಬಡಿಯುತ್ತಿತ್ತು. ಗೋಡೆಗೆ ಒರಗಿ ನೋಡುತ್ತಾ ನಿಂತೆ. ಎಷ್ಟೋ ಹೊತ್ತಾದ ಮೇಲೆ ಗೆರೆಯೂ ಓಡತೊಡಗಿತು, ಅಲಾರಂ ಹೊಡೆದುಕೊಂಡಿತು.