ಗಡಿಕಲ್ಲಿನ ಆಚೆಯ ಹೊಗೆ

ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ನಗರಸಭೆಯ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಬಾಯ್ಲರ್ ಉರಿಸುತ್ತಿದ್ದವನನ್ನು ಎಲ್ಲರೂ ಹಬೆಯಣ್ಣ ಎಂದೇ ಕರೆಯುತ್ತಿದ್ದರು. ಹೊಗೆಯ ಬಣ್ಣ ನೋಡಿಯೇ ಒಲೆ ಸರಿಯಾಗಿ ಉರಿಯುತ್ತಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಇಂಥವನನ್ನು ಕರೆದು ಒಂದು ಮಾತು ಕೇಳುವ ಅಭ್ಯಾಸ ನಗರಸಭೆಗೆ ಎಂದೂ ಇರಲಿಲ್ಲ, ಬಿಡಿ.

ಆ ನಗರಸಭೆ ಊರಿನ ಇಂಗಾಲದ ಹೊಗೆಯನ್ನು ಐದು ವರ್ಷದಲ್ಲಿ ಮೂರನೇ ಒಂದು ಭಾಗ ಇಳಿಸುತ್ತೇನೆಂದು ಎದೆ ತಟ್ಟಿಕೊಂಡಿತು. ನಾಲ್ಕು ವರ್ಷ ಸಭೆಗಳಲ್ಲೇ ಕಳೆಯಿತು. ಐದನೆಯ ವರ್ಷ ಯಾರಿಗೋ ಹೊಳೆಯಿತು: ಹೊಗೆ ಅಳೆಯುವುದು ನಗರದ ಗಡಿಕಲ್ಲಿನವರೆಗೆ ಮಾತ್ರ ತಾನೇ? ತಿಂಗಳೊಳಗೆ ಲಾಂಡ್ರಿಯ ಬಾಯ್ಲರ್, ಒಗೆಯುವ ಯಂತ್ರಗಳು, ಎಲ್ಲವೂ ಗಡಿಕಲ್ಲಿನಿಂದ ನೂರು ಹೆಜ್ಜೆ ಆಚೆ ಹೋಗಿ ಕೂತವು. ಆಸ್ಪತ್ರೆಗಳ ಕೊಳೆ ಬಟ್ಟೆ ಹೊತ್ತ ಡೀಸೆಲ್ ಲಾರಿಗಳು ದಿನಕ್ಕೆ ಎಂಟು ಸಲ ಓಡಾಡತೊಡಗಿದವು. ಅವೂ ಆಚೆಯ ವಿಳಾಸದಲ್ಲಿ ನೋಂದಾಯಿಸಿದವೇ, ಹಾಗಾಗಿ ಅವುಗಳ ಹೊಗೆಯೂ ಲೆಕ್ಕಕ್ಕಿಲ್ಲ. ಕಾಗದದ ಮೇಲೆ ಹೊಗೆ ಸರ್ರನೆ ಇಳಿಯಿತು, ನಗರಸಭೆ ತನ್ನ ಬೆನ್ನು ತಾನೇ ತಟ್ಟಿಕೊಂಡಿತು.

ಹಬೆಯಣ್ಣನ ಮನೆಯೂ ಆಚೆಯೇ, ಬಾಡಿಗೆ ಕಡಿಮೆಯೆಂದು ಹಿಡಿದದ್ದು. ಕೆಲಸ ಮನೆಬಾಗಿಲಿಗೇ ಬಂತೆಂದು ಮೊದಲ ವಾರ ಹಿಗ್ಗಿದ. ಎರಡನೆಯ ವಾರ ಎಂಟು ವರ್ಷದ ಮಗಳಿಗೆ ಕೆಮ್ಮು ಹತ್ತಿತು. ಮೊದಲೇ ಉಬ್ಬಸದ ಮಗು. ಈ ಹೊಗೆಯಲ್ಲೇ ಇದ್ದರೆ ಶ್ವಾಸಕೋಶ ಉಳಿಯುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಕಲ್ಲಿದ್ದಲು ಹಾಕುವ ಕೈ ತನ್ನದೇ ಎಂಬ ಸಂಕಟ ಅವನನ್ನು ಒಳಗೊಳಗೇ ತಿನ್ನತೊಡಗಿತು.

ಪರಿಸರ ಅಧಿಕಾರಿಯ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ. ಚಿಮಣಿಗೆ ಹೊಗೆ ಸೋಸುವ ಸಾಧನ ಹಾಕಿಸಿ ಎಂದು ಕೈಮುಗಿದ. ನಗರದ ಯೋಜನೆ ನಗರದ ಹೊಗೆಗೆ ಮಾತ್ರ, ನಿಮ್ಮದು ನಮ್ಮ ಹೊಗೆಯೇ ಅಲ್ಲ ಎಂದರು ಅಧಿಕಾರಿ.

“ಹಾಗಾದ್ರೆ ನಮ್ಮ ಬೀದೀನೂ ನಗರಕ್ಕೆ ಸೇರಿಸ್ಕೊಳ್ಳಿ ಸಾರ್. ನಮ್ಮ ಹೊಗೇನೂ ಲೆಕ್ಕಕ್ಕೆ ಬರ್ಲಿ.”

ಅಧಿಕಾರಿ ಬೆಚ್ಚಿಬಿದ್ದರು. “ಏನ್ರೀ ನೀವು, ಇಷ್ಟು ಕಷ್ಟಪಟ್ಟು ಇಳಿಸಿದೀವಿ, ಮತ್ತೆ ಏರಿಸಿ ಅಂತೀರಲ್ಲ.”

ಅವತ್ತು ಸಂಜೆ ಹೆಂಡತಿ ಮಗಳ ಬಟ್ಟೆ ಗಂಟು ಕಟ್ಟಿದಳು. ಗಡಿಯಿಂದ ದೂರ, ನಗರದ ನಡುವೆ ಹಬೆಯಣ್ಣನ ಅಕ್ಕನ ಮನೆಯಿತ್ತು; ಮಗಳನ್ನು ಅಲ್ಲಿ ಬಿಟ್ಟುಬಂದರು. ಅಲ್ಲಿ ಹದಿನೈದೇ ದಿನಕ್ಕೆ ಕೆಮ್ಮು ನಿಂತಿತು. ಅಪ್ಪ ಅಮ್ಮ ಭಾನುವಾರಕ್ಕೊಮ್ಮೆ ಹೋಗಿ ನೋಡಿಬರುತ್ತಿದ್ದರು. ವಾರದ ಉಳಿದ ಆರು ದಿನ ಮನೆ ಬಿಕೋ ಎನ್ನುತ್ತಿತ್ತು.

ಅಷ್ಟರಲ್ಲಿ ಯೋಜನೆಯ ಫಲ ಎಷ್ಟೆಂದು ವಿಚಾರಿಸುತ್ತ ಸಮೀಕ್ಷೆಯವರು ಅಕ್ಕನ ಮನೆಗೆ ಬಂದರು. ಮಗಳು ಆಚೆಯಿಂದ ಬಂದವಳೆಂದು ತಿಳಿದು, ನೀನು ಇಲ್ಲಿಗೆ ಯಾಕೆ ಬಂದೆ ಪುಟ್ಟಿ ಎಂದು ಕೇಳಿದರು. ಇಲ್ಲಾದ್ರೆ ಉಸಿರಾಡಕ್ಕಾಗುತ್ತೆ ಎಂದಳು ಹುಡುಗಿ, ಇದ್ದದ್ದನ್ನು ಇದ್ದ ಹಾಗೆ. ಸಮೀಕ್ಷೆಯವರಿಗೆ ಸ್ವರ್ಗಕ್ಕೆ ಮೂರೇ ಗೇಣು. ತಕ್ಷಣ ಒಂದು ಫೋಟೊ ತೆಗೆದುಕೊಂಡರು.

ಮುಂದಿನ ತಿಂಗಳು ಗಡಿಯ ಹತ್ತಿರ, ಆಚೆಯವರಿಗೆ ಕಾಣುವಂತೆ, ದೊಡ್ಡ ಫಲಕವೊಂದು ಎದ್ದಿತು. ನಗುತ್ತಿರುವ ಮಗಳು, ಕೆಳಗೆ ‘ನಮ್ಮ ಶುದ್ಧ ಗಾಳಿ ಅರಸಿ ಬಂದವಳು’. ವಾರದೊಳಗೆ ಚಿತ್ರಕ್ಕೆಲ್ಲ ಮಸಿ ಕೂತಿತು. ಹಬೆಯಣ್ಣ ಒಂದು ಬೆಳಿಗ್ಗೆ ಏಣಿ ಇಟ್ಟು ಹತ್ತಿ, ಒದ್ದೆ ಬಟ್ಟೆಯಿಂದ ಮಗಳ ಮುಖ ಒರೆಸಿದ. ಮೂಗು, ಬಾಯಿ ಎರಡು ಸಲ ಒರೆಸಿದ. ಅಷ್ಟೊತ್ತಿಗೆ ಕೆಲಸದ ಗಂಟೆ ಹೊಡೆಯಿತು. ಇಳಿದು ಹೋಗಿ ಬಾಯ್ಲರಿಗೆ ಕಲ್ಲಿದ್ದಲು ಸುರಿದ.